ಕಂಟೋನ್ಮೆಂಟಿನಿಂದ ಐರ್ಲೆಂಡಿಗೆ: ಮುತ್ತಜ್ಜನ ಊರು ಹುಡುಕುವುದು ಹೇಗೆ

ಬೆಂಗಳೂರಿನ ಎಷ್ಟೋ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ದಂಡಿನ ಕಾಲಕ್ಕೆ ಬಂದ ಐರಿಶ್ ಸಿಪಾಯಿಯೊಬ್ಬನ ಕಥೆ ಇರುತ್ತದೆ. ನಿಮ್ಮ ಮನೆಯಲ್ಲೂ ಇದ್ದರೆ ಹುಡುಕಾಟ ಇಲ್ಲಿಂದಲೇ ಶುರು ಮಾಡಿ. ಅಜ್ಜಿಯ ಟ್ರಂಕಿನಲ್ಲಿರುವ ಮದುವೆ ಸರ್ಟಿಫಿಕೇಟ್, ಚರ್ಚಿನ ರಿಜಿಸ್ಟರ್, ಸಮಾಧಿ ಕಲ್ಲು, ಎಲ್ಲ ನೋಡಿ. ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೆಸರೊಂದೇ ಸಾಲದು, ಊರು ಬೇಕು. ಅದಿಲ್ಲದೆ ಮುಂದೆ ಹೋದರೆ ಸಾವಿರಾರು ಜಾನ್ ಮರ್ಫಿಗಳ ನಡುವೆ ನಿಮ್ಮವರು ಯಾರು ಅಂತ ಗೊತ್ತಾಗುವುದೇ ಇಲ್ಲ.

ಐರ್ಲೆಂಡಿನಲ್ಲಿ ಎಲ್ಲರ ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ ಶುರುವಾಗಿದ್ದು 1864ರಲ್ಲಿ. ಕ್ಯಾಥೊಲಿಕರಲ್ಲದವರ ಮದುವೆಗೆ ಮಾತ್ರ 1845ರಲ್ಲಿ. ಐರಿಶ್‌ಜೀನಿಯಾಲಜಿ ಡಾಟ್ ಐಇ ತಾಣದಲ್ಲಿ ಹಳೆಯವನ್ನು ದುಡ್ಡಿಲ್ಲದೆ ನೋಡಬಹುದು. ಮೊದಲು ಮದುವೆಯದನ್ನೇ ತೆಗೆಯಿರಿ, ಅದರಲ್ಲಿ ಗಂಡು ಹೆಣ್ಣು ಇಬ್ಬರ ಅಪ್ಪಂದಿರ ಹೆಸರು, ಕೆಲಸ ಎರಡೂ ಇರುತ್ತವೆ. ಹಳೆಯ ಮರಣ ದಾಖಲೆಯಲ್ಲಿ ಅಪ್ಪ ಅಮ್ಮನ ಹೆಸರೇ ಇರುವುದಿಲ್ಲ.

1864ಕ್ಕಿಂತ ಹಿಂದಿನವರಾದರೆ ಚರ್ಚ್ ರಿಜಿಸ್ಟರೇ ಗತಿ. ಕ್ಯಾಥೊಲಿಕ್ ರಿಜಿಸ್ಟರುಗಳ ಚಿತ್ರಗಳು ಐರ್ಲೆಂಡಿನ ನ್ಯಾಷನಲ್ ಲೈಬ್ರರಿಯ ತಾಣದಲ್ಲಿವೆ. ಎಷ್ಟೋ ಕಡೆ ಬರಹ ಲ್ಯಾಟಿನ್‌ನಲ್ಲಿದೆ. ಮಸುಕಾದ ಶಾಯಿಯಲ್ಲಿ 'ಜಾಕೋಬಸ್' ಅಂತ ಕಂಡರೆ ಅದು ಜೇಮ್ಸ್, 'ಗುಲಿಯೆಲ್ಮಸ್' ಅಂದರೆ ವಿಲಿಯಂ. ಪಕ್ಕದಲ್ಲಿರುವ ಗಾಡ್‌ಪೇರೆಂಟ್ಸ್ (ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರು) ಹೆಸರನ್ನೂ ಸುಮ್ನೆ ಬಿಡಬೇಡಿ, ಅವರು ಹೆಚ್ಚಾಗಿ ಚಿಕ್ಕಪ್ಪ, ಅತ್ತೆ, ಹೀಗೆ ಹತ್ತಿರದವರೇ. ಪ್ರಾಟೆಸ್ಟೆಂಟರ ಚರ್ಚ್ ಆಫ್ ಐರ್ಲೆಂಡಿನವರಾದರೆ ಕಷ್ಟ ಜಾಸ್ತಿ, 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಗೆ ಬೆಂಕಿ ಬಿದ್ದು ಅರ್ಧಕ್ಕಿಂತ ಹೆಚ್ಚು ರಿಜಿಸ್ಟರುಗಳು ಸುಟ್ಟುಹೋದವು.