ಜಾಮೀನಿನ ಸಾಲವನ್ನು ನಾನು ಮನ್ನಾ ಮಾಡಿದ್ದು

2014ರಲ್ಲಿ ನನ್ನ ದೊಡ್ಡಪ್ಪನ ಮಗ ಗದಗಿನ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಸಾಲ ತೆಗೆದಾಗ ಜಾಮೀನಿಗೆ ಸಹಿ ಹಾಕಿದವನು ನಾನು. ಆರು ಕಂತು ಕಟ್ಟಿ ಅವನು ಕೈಬಿಟ್ಟ ಮೇಲೆ ಸಂಘದ ಪತ್ರ ನನ್ನ ಕಚೇರಿಗೆ ಬಂದು, 30 ತಿಂಗಳ ಕಾಲ ನನ್ನ ಪಗಾರದಲ್ಲಿ ತಿಂಗಳಿಗೆ 4,200 ರೂಪಾಯಿ ಕಡಿತವಾಯಿತು. ಪ್ರತಿಯೊಂದು ಕಡಿತವನ್ನೂ ತಾರೀಖು ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಒಟ್ಟು 1,26,000.

1841ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ನೆಲೆಯೂರಿದ, ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ ನಮ್ಮ ಕ್ರೈಸ್ತ ಸಭೆಯ ಮನೆತನಗಳು ಬೀಗತನದಿಂದ ಹೆಣೆದುಕೊಂಡಿರುವುದರಿಂದ, ಮುನಿಸಿಕೊಂಡವರು ಮುಖ ತಪ್ಪಿಸಿ ಬದುಕುವಂತಿಲ್ಲ. ಪ್ರತಿ ರವಿವಾರ ಅವನು ನನ್ನಿಂದ ಎರಡು ಬೆಂಚು ಹಿಂದೆ ಕೂತಿರುತ್ತಿದ್ದ; ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ “ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ” ಎಂಬಲ್ಲಿಗೆ ಬಂದಾಗ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ದಾರಿ ಸಿಕ್ಕಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ. ಅರಸನಿಂದ 10,000 ತಲಾಂತು ಸಾಲ ಮನ್ನಾ ಮಾಡಿಸಿಕೊಂಡ ಆಳು, ತನಗೆ 100 ದಿನಾರಿ ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿಯುವ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯದು. ಪ್ರಸಂಗಗಳಲ್ಲಿ ಈ 100 ದಿನಾರಿಯನ್ನು ಚಿಲ್ಲರೆ ಹಣವೆಂದೇ ಕೇಳಿದ್ದೆ. ಆದರೆ ದಿನಾರಿ ಎಂದರೆ ಕೂಲಿಯವನ ಒಂದು ದಿನದ ಕೂಲಿ. ವಾರಕ್ಕೆ 6 ದಿನ ದುಡಿದರೆ 100 ದಿನಾರಿ ಸುಮಾರು ನಾಲ್ಕು ತಿಂಗಳ ದುಡಿಮೆ. ನಾನು ಕಳೆದುಕೊಂಡದ್ದೂ ಹೆಚ್ಚುಕಡಿಮೆ ನನ್ನ ನಾಲ್ಕು ತಿಂಗಳ ಪಗಾರವೇ ಆಗಿತ್ತು. ಒಂದು ತಲಾಂತು ಸುಮಾರು 6,000 ದಿನಾರಿಯಾದ್ದರಿಂದ ಅರಸನು ಬಿಟ್ಟ ಸಾಲ 6 ಕೋಟಿ ದಿನಗಳ ಕೂಲಿಯಾಗುತ್ತದೆ. ನನಗಾದ ನಷ್ಟ ಸಣ್ಣದೆಂದು ಯೇಸು ಹೇಳಲಿಲ್ಲ ಎಂಬುದು ತಿಳಿದ ದಿನವೇ ನನ್ನ ಅರ್ಧ ಸಿಟ್ಟು ಇಳಿಯಿತು.

ಮತ್ತಾಯನು ಬರೆದ ಪ್ರಾರ್ಥನೆಯ ಗ್ರೀಕ್ ಮೂಲದಲ್ಲಿ ‘ತಪ್ಪು’ ಇರುವಲ್ಲಿ ‘ಸಾಲ’ ಎಂಬ ಪದವೇ ಇದೆ. ಹಾಗಾಗಿ ನೋಟ್‌ಬುಕ್ಕಿನ ಮೊತ್ತದ ಕೆಳಗೆ, ನಮ್ಮ ಕಡೆಯ ಪ್ರತಿ ರೈತನಿಗೂ ಗೊತ್ತಿರುವ ‘ಮನ್ನಾ’ ಎಂಬ ಶಬ್ದವನ್ನು ಬರೆದು ಗೆರೆ ಎಳೆದೆ. ಹಣದ ವಿಷಯ ಅಲ್ಲಿಗೆ ಮುಗಿಯಿತು. ಮುಗಿಯದೆ ಉಳಿದದ್ದು ಮಾತಿನ ಗಾಯ: ಕಮಿಷನ್ ಆಸೆಗೆ ನಾನು ಸಹಿ ಹಾಕಿದೆನೆಂದು ಅವನು ನೆಂಟರ ಮುಂದೆ ಹೇಳಿಕೊಂಡು ತಿರುಗಿದ್ದ. ಅದನ್ನು ಯಾವ ಅಂಕಿಯಲ್ಲಿ ಬರೆಯುವುದು?

ಪ್ರತಿ ರಾತ್ರಿ ಅವನಿಗಾಗಿ ಪ್ರಾರ್ಥಿಸತೊಡಗಿದೆ. ಮೊದಮೊದಲು “ದೇವರೇ, ಅವನಿಗೆ ಬುದ್ಧಿ ಕೊಡು” ಎನ್ನುತ್ತಿದ್ದೆ. ಅದು ಪ್ರಾರ್ಥನೆಯ ವೇಷ ತೊಟ್ಟ ಬೈಗುಳವೆಂದು ನನಗೇ ಗೊತ್ತಿತ್ತು. ಆಮೇಲೆ ಅತ್ತಿಗೆಯ ಸಕ್ಕರೆ ಕಾಯಿಲೆಗಾಗಿ, ಅವರ ಮಗನ ನೌಕರಿಗಾಗಿ ಬೇಡಿದೆ. ಆದರೂ ಮುಳಗುಂದ ನಾಕಾದ ಕಡೆ ಹೋದಾಗ ಸಂಘದ ಬೋರ್ಡು ಕಂಡರೆ ಸಿಟ್ಟು ಮರಳುತ್ತಿತ್ತು. ಅದೇ ಅಧ್ಯಾಯದಲ್ಲಿ ಯೇಸು ಹೇಳಿದಂತೆ ಏಳೆಪ್ಪತ್ತು ಸಾರಿ ಕ್ಷಮಿಸುವುದೆಂದರೆ ಹೊಸ ಹೊಸ ತಪ್ಪುಗಳನ್ನಷ್ಟೇ ಅಲ್ಲ, ಒಂದೇ ತಪ್ಪನ್ನು ಅಷ್ಟು ಸಾರಿ ಕ್ಷಮಿಸುವುದೂ ಹೌದೆಂದು ನಾನು ಓದಿಕೊಂಡೆ. ವರ್ಷದ ಮೇಲೆ ಹಿಡಿಯಿತು.

ಆಮೇಲೆ ಒಂದು ಸಂಜೆ ಅವನು ಮನೆಗೆ ಬಂದು, ಮಗನ ಸಾಲಕ್ಕೆ ಮತ್ತೆ ಜಾಮೀನು ಕೇಳಿದ. “ಅದೊಂದು ಆಗೂದಿಲ್ಲ ಅಣ್ಣಾ, ಚಾ ಕುಡದು ಹೋಗು” ಎಂದೆ. ಹಾಗಾದರೆ ನೀನು ಕ್ಷಮಿಸಿಯೇ ಇಲ್ಲವೆಂದು ಸಭೆಯ ಹಿರಿಯರೊಬ್ಬರು ನನ್ನನ್ನು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ. ಬೈಬಲಿನ ಯೋಸೇಫನು ತನ್ನನ್ನು ಮಾರಿದ ಅಣ್ಣಂದಿರಿಗೆ ಧಾನ್ಯ ಕೊಟ್ಟನು, ಹಣವನ್ನೂ ಚೀಲದಲ್ಲಿ ಹಿಂದಿರುಗಿಸಿದನು. ಆದರೆ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾನಪಾತ್ರೆ ಇರಿಸಿ, ಅವರು ಬದಲಾಗಿದ್ದಾರೋ ಇಲ್ಲವೋ ಎಂದು ನೋಡಿದ ಮೇಲೆಯೇ ತಾನು ಯಾರೆಂದು ಹೇಳಿಕೊಂಡನು.

ಅಣ್ಣ ಇಂದಿಗೂ ಕ್ಷಮೆ ಕೇಳಿಲ್ಲ. ಅಂದು ಚಾ ಮಾತ್ರ ಕುಡಿದೇ ಹೋದ.