ಗೇಟು ಕೂತಿತು, ನಿದ್ದೆ ಬರಲಿಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಗಂಗಾವತಿ ಕಡೆ ನಮ್ಮದು ನಾಲ್ಕು ಎಕರೆ ಭತ್ತ, ಎಡದಂಡೆ ಕಾಲುವೆ ನೀರು. ಆಗಷ್ಟೇ ನಾಟಿ ಮುಗಿದಿತ್ತು. ಗೊಬ್ಬರದ ಸಾಲ, ನಾಟಿ ಕೂಲಿ ಎಲ್ಲಾ ಆ ಗದ್ದೆ ಮೇಲೇ ನಿಂತಿತ್ತು. ಡ್ಯಾಮಿನ ಭಾರ ಇಳಿಸೋಕೆ ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ಆ ನೀರು ಹೊಳೆ ಪಾಲಾಗುವ ವಿಡಿಯೋ ನೋಡುತ್ತಾ ಬೆಳಗು ಮಾಡಿದೆ.

ಆ ವಾರ ನಮ್ಮ ಓಣಿಯಲ್ಲಿ ಯಾರೂ ನೆಟ್ಟಗೆ ಮಲಗಲಿಲ್ಲ. ಅದು ಸಹಜ ಅಲ್ವಾ? ವಾರದಲ್ಲೇ ಹರಿಯುವ ನೀರಿನಲ್ಲಿ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿ ಬಂದ್ ಮಾಡಿದರು. ಮುಂದೆ ಒಳಹರಿವು ಬಂತು, ಬೆಳೆ ಕೈಗೆ ಬಂತು. ಓಣಿಯವರೆಲ್ಲಾ ಮಲಗಿದರು. ನಾನು ಮಾತ್ರ ಹೊರಸಿನ ಮೇಲೆ ಹೊರಳಾಡುತ್ತಲೇ ಇದ್ದೆ.

ಚಿಂತೆ ಹೋದರೂ ನಿದ್ದೆ ಯಾಕೆ ಬರಲಿಲ್ಲ? ಡಾಕ್ಟರ್ ಹೇಳಿದ ಮೇಲೇ ತಿಳಿದದ್ದು. "ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಲೆಕ್ಕ ಹಾಕಿದ್ದೀರಿ. ಈಗ ಹಾಸಿಗೆ ಕಂಡರೆ ಸಾಕು, ತಲೆ ಎಚ್ಚರ ಆಗ್ತದ" ಅಂದರು. ನಿಜ. ಕಟ್ಟೆ ಮೇಲೆ ತೂಕಡಿಸುತ್ತಿದ್ದವನಿಗೆ ಹೊರಸಿಗೆ ಬಂದ ಕೂಡಲೇ ಕಣ್ಣು ಬಿಚ್ಚಿಕೊಳ್ಳುತ್ತಿತ್ತು.

ಅವರು ಹೇಳಿದ್ದರಲ್ಲಿ ನನಗೆ ದೊಡ್ಡದು ಅನ್ನಿಸಿದ್ದು ಎರಡೇ ಮಾತು. ಒಂದು, ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ನಾನು ಐದು ಗಂಟೆ ಅಂತ ಇಟ್ಟುಕೊಂಡೆ. ಎರಡು, ನಿದ್ದೆ ಬರದಿದ್ದರೆ ಅಲ್ಲೇ ಬಿದ್ದು ಹೊರಳಾಡಬಾರದು. ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗಲೇ ಮತ್ತೆ ಮಲಗಬೇಕು. ಗಡಿಯಾರ ನೋಡಬಾರದು. ಫೋನು ಅಡುಗೆಮನೆ ಗೂಡಿನಲ್ಲಿ ಇಟ್ಟೆ. ಪಡಸಾಲೆಯಲ್ಲಿ ಸಣ್ಣ ದೀಪದ ಬೆಳಕಿನಲ್ಲಿ ಶೇಂಗಾ ಸುಲಿಯುತ್ತಾ ಕೂರುತ್ತಿದ್ದೆ. ಮೊದಲ ವಾರ ಬಹಳ ಕಷ್ಟ ಆಯಿತು. ಮೂರು ಗಂಟೆಗೆ ಮಲಗಿ ಐದಕ್ಕೆ ಎದ್ದು, ಹಗಲೆಲ್ಲಾ ಕಣ್ಣು ಉರಿ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಒರಗುವುದನ್ನೂ ಬಿಟ್ಟೆ. ಅರೆನಿದ್ದೆಯಲ್ಲಿ ಬೈಕು, ಟ್ರ್ಯಾಕ್ಟರ್ ಮಾತ್ರ ಮುಟ್ಟಬೇಡಿ. ಆ ದಿನಗಳಲ್ಲಿ ನಾನು ಮುಟ್ಟಲಿಲ್ಲ.

ಲೆಕ್ಕ ಹಾಕುವುದನ್ನು ಸಂಜೆಗೆ ತಂದೆ. ಎಮ್ಮೆ ಹಿಂಡಿ ಆದ ಮೇಲೆ ಹದಿನೈದು ನಿಮಿಷ ಕಟ್ಟೆ ಮೇಲೆ ನೋಟ್‌ಬುಕ್ ಹಿಡಿದು ಕೂರುವುದು. ಒಂದು ಪುಟದಲ್ಲಿ ನಾಳೆ ನನ್ನ ಕೈಲಿ ಆಗುವ ಕೆಲಸ. ಬ್ಯಾಂಕಿಗೆ ಹೋಗಬೇಕು, ಗೊಬ್ಬರದವರ ಹತ್ತಿರ ಗಡುವು ಕೇಳಬೇಕು, ಹೀಗೆ. ಎದುರು ಪುಟದಲ್ಲಿ ನನ್ನ ಕೈಲಿ ಇಲ್ಲದ್ದು: ಒಳಹರಿವು, ಭತ್ತದ ರೇಟು. ರಾತ್ರಿ ಅದೇ ಚಿಂತೆ ಮತ್ತೆ ಬಂದರೆ, ಬರೆದಿಟ್ಟೀನಿ, ನಾಳೆ ಸಂಜೆ ನೋಡೋಣ ಅಂದುಕೊಳ್ಳುತ್ತಿದ್ದೆ. ಸುಮ್ನೆ ಹೇಳುತ್ತಿಲ್ಲ, ಇದರಿಂದ ಎದೆ ಹಗುರಾಯಿತು.

ಚಹಾ ಮಧ್ಯಾಹ್ನ ಮೂರಕ್ಕೇ ಕೊನೆ. ಕುಡಿದ ಐದಾರು ತಾಸಿನ ಮೇಲೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದಂತೆ. ಒಂದು ಪೆಗ್ ಹಾಕು, ನಿದ್ದೆ ಬರ್ತದ ಅಂದ ಗೆಳೆಯರೂ ಇದ್ದರು. ಕುಡಿದರೆ ಬೇಗ ಕಣ್ಣು ಮುಚ್ಚಬಹುದು. ಆದರೆ ನಡುರಾತ್ರಿ ಮೇಲೆ ಆ ನಿದ್ದೆ ಒಡೆಯುತ್ತದೆ. ಅದರ ತಂಟೆಗೆ ಹೋಗಬೇಡಿ.

ಸಾಲದ ಚಿಂತೆಯಲ್ಲಿ ಬದುಕೇ ಬೇಡ ಅನ್ನಿಸುತ್ತಿದ್ದರೆ ಶೇಂಗಾ, ನೋಟ್‌ಬುಕ್ ಸಾಲದು. 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮೊದಲ ವಾರ ಬೆಳಗಾಗುವಷ್ಟರಲ್ಲಿ ಅರ್ಧ ಮೊರ ಶೇಂಗಾ ಸುಲಿದಿರುತ್ತಿತ್ತು. ಎರಡನೇ ವಾರ ಒಂದೆರಡು ಹಿಡಿ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಚಟ್ನಿಗೆ ಅಂತ ಮೊರ ಎತ್ತಿ ನೋಡಿದಳು. ಒಂದು ಕಾಳೂ ಸುಲಿದಿರಲಿಲ್ಲ. ಏನೂ ಅನ್ನದೆ ಅಲ್ಲೇ ಕೂತು ತಾನೇ ಸುಲಿಯತೊಡಗಿದಳು.