ಕೈ ಬಿಗಿಯಾದ ಕಾಲದಲ್ಲಿ ಕಲೆಯ ಒಡನಾಟ ಉಳಿಸಿಕೊಳ್ಳುವುದು ಹೇಗೆ?

1939ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಮಹಾಯುದ್ಧದ ಘೋಷಣೆಯಾದೊಡನೆ ಲಂಡನ್ನಿನ ರಂಗಮಂದಿರಗಳೂ ಸಂಗೀತ ಸಭಾಂಗಣಗಳೂ ಬಾಗಿಲು ಹಾಕಿದವು. ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬಿನ ಭಯದಿಂದ ವೇಲ್ಸ್ ಕಡೆಗೆ ಸಾಗಿಸಲಾಗಿತ್ತು. ಉಳಿದದ್ದು ಬರಿ ಗೋಡೆ. ಆ ಬರಿ ಗೋಡೆಗಳ ನಡುವೆ ಮಧ್ಯಾಹ್ನದ ಬಿಡುವಿನಲ್ಲಿ ಸಂಗೀತ ಕಛೇರಿ ನಡೆಸಲು ಅವಕಾಶ ಕೊಡಿ ಎಂದು ಪಿಯಾನೊ ವಾದಕಿ ಮೈರಾ ಹೆಸ್ ಕೇಳಿದರು. ಅಕ್ಟೋಬರ್ 10ರಂದು ಮೊದಲ ಕಛೇರಿ ನಡೆಯಿತು. ಮುಂದಿನ ಆರೂವರೆ ವರ್ಷ ವಾರಕ್ಕೆ ಐದು ದಿನ ನಡೆಯುತ್ತಲೇ ಇತ್ತು. ಒಟ್ಟು 1,698 ಕಛೇರಿಗಳು. ಬಾಂಬ್ ದಾಳಿ ಬಿರುಸಾದಾಗ ನೆಲಮಾಳಿಗೆಗೆ ಇಳಿದವೇ ಹೊರತು ನಿಲ್ಲಲಿಲ್ಲ. ನುಡಿಸಿದವರು ಹೆಸರಾಂತರಾಗಿರಲಿ, ಹೊಸಬರಾಗಿರಲಿ, ಸಂಭಾವನೆ ಒಂದೇ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಧೈರ್ಯಕ್ಕಿಂತ ಹೆಚ್ಚಾಗಿ ಅದರ ವೇಳಾಪಟ್ಟಿ. ನಾಳೆ ಏನಾಗುತ್ತದೋ ತಿಳಿಯದ ಊರಿನಲ್ಲಿ, ಮಧ್ಯಾಹ್ನ ಒಂದು ಗಂಟೆಗೆ ಸಂಗೀತ ಇದ್ದೇ ಇರುತ್ತದೆ ಎಂಬುದೊಂದು ಖಚಿತವಾಗಿತ್ತು. ಕೆಲಸ ಹೋದಾಗ, ಮನೆಯಲ್ಲಿ ಕಾಯಿಲೆ ಬಂದಾಗ, ಬೆಲೆ ಏರಿದಾಗ, ಸುದ್ದಿ ಕೇಳಲೂ ಭಯವಾದಾಗ ಲೆಕ್ಕದ ಪುಸ್ತಕದಲ್ಲಿ ಮೊದಲ ಕತ್ತರಿ ಬೀಳುವುದು ನಾಟಕದ ಟಿಕೆಟ್‌ಗೆ, ಸಂಗೀತದ ಪಾಠಕ್ಕೆ, ಪುಸ್ತಕಕ್ಕೆ. ಖರ್ಚು ಕಡಿಮೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಪೂರ್ತಿ ನಿಲ್ಲಿಸಿದ್ದನ್ನು ಮತ್ತೆ ಆರಂಭಿಸುವುದು ಬಹಳ ಕಷ್ಟ. ಆದ್ದರಿಂದ ಚಿಕ್ಕದಾಗಿಸಿ, ನಿಲ್ಲಿಸಬೇಡಿ. ಅದನ್ನು ಮಾಡುವ ಬಗೆ ಹೀಗಿದೆ.

ಮೊದಲು ಹೊತ್ತು ಗೊತ್ತು ಮಾಡಿ

ಮನಸ್ಸು ಬಂದಾಗ ನೋಡೋಣ ಎಂದುಕೊಂಡರೆ, ಚಿಂತೆಯ ದಿನಗಳಲ್ಲಿ ಆ ಮನಸ್ಸು ಬರುವುದೇ ಇಲ್ಲ. ದಿನಕ್ಕೆ ಅರ್ಧ ಗಂಟೆ, ಅದೂ ಆಗದಿದ್ದರೆ ವಾರಕ್ಕೆ ಎರಡು ಬಾರಿ ಅರ್ಧ ಗಂಟೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹೊತ್ತು ಬದಲಾಗದಿರಲಿ. ಮೊದಲ ಮೂರು ತಿಂಗಳು ಒಂದೇ ಕಲೆಯನ್ನು ಹಿಡಿಯಿರಿ: ಚಿತ್ರ, ಸಂಗೀತ, ನೃತ್ಯ, ನಾಟಕ, ಕವಿತೆ, ಯಾವುದಾದರೂ ಸರಿ. ಎಲ್ಲವನ್ನೂ ಒಟ್ಟಿಗೆ ತಲೆಯ ಮೇಲೆ ಹೊತ್ತುಕೊಂಡವರು ಎರಡನೆಯ ವಾರಕ್ಕೇ ಸೋಲುವುದನ್ನು ನೋಡಿದ್ದೇನೆ.

ಕಲೆಗೂ ಆರೋಗ್ಯಕ್ಕೂ ಇರುವ ನಂಟನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರದಿ ಪ್ರಕಟಿಸಿತು. 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಆ ವರದಿ, ರೋಗ ತಡೆಯುವುದರಲ್ಲಿಯೂ ಆರೈಕೆಯಲ್ಲಿಯೂ ಕಲೆಗೆ ಪಾತ್ರವಿದೆ ಎಂದಿತು. ಹಾಗೆಂದು ಕಲೆ ಔಷಧಿಯ ಬದಲಿಯಲ್ಲ. ನಿದ್ದೆ ಹೋಗಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಮೊದಲು ವೈದ್ಯರ ಬಳಿ ಹೋಗಿ, ಚಿತ್ರ ಅಲ್ಲಿಯವರೆಗೆ ಕಾಯುತ್ತದೆ.

ಒಂದನ್ನೇ ನೋಡಿ, ತುಂಬಾ ಹೊತ್ತು ನೋಡಿ

ಈ ಹಂತವನ್ನು ದಯವಿಟ್ಟು ಅವಸರದಲ್ಲಿ ದಾಟಬೇಡಿ, ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಸಂಶೋಧಕರು ಅಳೆದಿದ್ದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸರಾಸರಿ 27 ಸೆಕೆಂಡು. ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಇದಕ್ಕೆ ಎದುರಾಗಿ, ಹಾರ್ವರ್ಡ್‌ನ ಕಲಾ ಇತಿಹಾಸಕಾರ್ತಿ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಚಿತ್ರದ ಮುಂದೆ ಮೂರು ಗಂಟೆ ಕೂರುವ ಅಭ್ಯಾಸ ಕೊಡುತ್ತಾರೆ. ನಮಗೆ ಮೂರು ಗಂಟೆ ಬೇಡ, ಹತ್ತು ನಿಮಿಷ ಸಾಕು.

ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಚಿತ್ರದ ಹೆಸರನ್ನಾಗಲೀ ವಿವರಣೆಯನ್ನಾಗಲೀ ಓದಬೇಡಿ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ? ಕೈಗಳು ಏನು ಮಾಡುತ್ತಿವೆ? ನಾಲ್ಕು ಮೂಲೆಗಳಲ್ಲಿ ಏನೇನಿದೆ? ಎಲ್ಲಿ ಏನೂ ಇಲ್ಲ? ಮೂರು ನಿಮಿಷಕ್ಕೆ ಎಲ್ಲ ನೋಡಿಯಾಯಿತು ಅನ್ನಿಸುತ್ತದೆ. ನಿಜವಾದ ನೋಟ ಶುರುವಾಗುವುದು ಅಲ್ಲಿಂದಲೇ, ಏಳಬೇಡಿ.

ವರಮಾನ ನಿಂತುಹೋಗಿದ್ದ ಒಂದು ವರ್ಷ ನಾನು ಹೀಗೆ ನೋಡಿದ್ದು ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಬರೆದ, ಹಾಲು ಸುರಿಯುತ್ತಿರುವ ಹೆಂಗಸಿನ ಚಿತ್ರವನ್ನು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿರುವ ಆ ಚಿತ್ರದ ಎತ್ತರ ಅರ್ಧ ಮೀಟರೂ ಇಲ್ಲ. ನಾನು ನೋಡಿದ್ದು ಕಂಪ್ಯೂಟರಿನ ಪರದೆಯಲ್ಲಿ. ಮೊದಲ ದಿನ ಹೆಂಗಸು, ಹಾಲು, ಕಿಟಕಿ ಕಂಡವು. ನಾಲ್ಕನೆಯ ದಿನ ಬಿಳಿ ಗೋಡೆಯಲ್ಲಿ ಒಂದು ಮೊಳೆ ಕಂಡಿತು. ಅದರ ನೆರಳೂ ಕಂಡಿತು. ಮೊಳೆ ಕಿತ್ತ ಹಳೆಯ ತೂತುಗಳು ಕಂಡವು. ಒಂದು ವಾರದ ನಂತರ ಕಿಟಕಿಯ ಒಡೆದ ಗಾಜು ಕಂಡಿತು. ಆಮೇಲೆ ಓದಿದಾಗ ತಿಳಿಯಿತು: ಅವಳ ಹಿಂದೆ ನೆಲದ ಮೇಲೆ ವರ್ಮೀರ್ ಮೊದಲು ಒಂದು ಬುಟ್ಟಿಯನ್ನು ಬರೆದಿದ್ದನಂತೆ, ಆಮೇಲೆ ಬೇಡವೆಂದು ಬಣ್ಣದಿಂದ ಮುಚ್ಚಿದನಂತೆ. ಬುಟ್ಟಿಯನ್ನು ತೆಗೆದವನು ಮೊಳೆಯನ್ನು ಏಕೆ ಉಳಿಸಿದ? ಆ ಒಂದು ಪ್ರಶ್ನೆ ನನ್ನನ್ನು ಎಷ್ಟೋ ಸಂಜೆ ಸಾಲದ ಲೆಕ್ಕದಿಂದ ಬಿಡಿಸಿ ಕೂರಿಸಿತ್ತು.

ಸಂಗೀತವಾದರೆ ಐದಾರು ನಿಮಿಷದ ಒಂದೇ ರಚನೆಯನ್ನು ಮೂರು ಸಲ ಕೇಳಿ. ಮೊದಲ ಸಲ ಕಣ್ಣು ಮುಚ್ಚಿ ಸುಮ್ಮನೆ ಕೇಳಿ. ಎರಡನೆಯ ಸಲ ಮುಖ್ಯ ದನಿಯನ್ನು ಬಿಟ್ಟು ಹಿಂದಿನ ಒಂದು ವಾದ್ಯವನ್ನು ಮಾತ್ರ ಹಿಂಬಾಲಿಸಿ. ಮೂರನೆಯ ಸಲ ಮೌನಗಳನ್ನು ಕೇಳಿ: ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು? ನೃತ್ಯದಲ್ಲಿ ಒಂದು ಸಲ ಪಾದಗಳನ್ನಷ್ಟೇ ನೋಡಿ, ಇನ್ನೊಂದು ಸಲ ಮುಖವನ್ನಷ್ಟೇ. ನಾಟಕದಲ್ಲಿ ಮಾತನಾಡದೆ ನಿಂತ ಪಾತ್ರಧಾರಿಯ ಮೇಲೆ ಕಣ್ಣಿಡಿ. ಒಳ್ಳೆಯ ನಟ ಸಿಗುವುದು ಅಲ್ಲಿ. ಕವಿತೆಯನ್ನು ಗಟ್ಟಿಯಾಗಿ ಓದಿ, ಆಮೇಲೆ ಕೈಯಾರೆ ನಕಲು ಮಾಡಿ. ಕಣ್ಣು ಹಾರಿಸಿದ ಪದವನ್ನು ಕೈ ಹಿಡಿದು ತೋರಿಸುತ್ತದೆ.

ಒಂದು ಕೃತಿ ಸಾಕೇ ಎಂದು ಅನುಮಾನವೇ? ಮತ್ತೆ ಲಂಡನ್ನಿಗೇ ಬನ್ನಿ. ಬರಿ ಗೋಡೆಗಳಿಂದ ಬೇಸತ್ತ ಜನ ಒಂದಾದರೂ ಚಿತ್ರವನ್ನು ಹಿಂದಕ್ಕೆ ತರಿಸಿ ಎಂದು ಒತ್ತಾಯಿಸಿದರು. 1942ರಲ್ಲಿ ತಿಂಗಳಿಗೊಂದು ಚಿತ್ರವನ್ನು ತಂದು ತೂಗುಹಾಕುವ ಕ್ರಮ ಆರಂಭವಾಯಿತು. ಅಷ್ಟು ದೊಡ್ಡ ಕಟ್ಟಡದಲ್ಲಿ ಆ ಒಂದು ಚಿತ್ರವನ್ನು ನೋಡಲು ಜನ ಬಂದರು.

ಹಣವಿಲ್ಲದೆ ಸಿಗುವುದು ಎಲ್ಲಿ?

ಬಹಳ ಕಡೆ ಸಿಗುತ್ತದೆ. ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಲ್ಲಿ, ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯಗಳು 2020ರಲ್ಲಿ ತಮ್ಮ ಲಕ್ಷಾಂತರ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟವು. ರೈಕ್ಸ್‌ಮ್ಯೂಸಿಯಂ ಕೂಡ ಹಾಗೆಯೇ ಮಾಡಿದೆ. ಹಕ್ಕುಸ್ವಾಮ್ಯ ಮುಗಿದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸ್ವರಲಿಪಿಗಳಿಗೆ 2006ರಿಂದ ನಡೆಯುತ್ತಿರುವ ಐಎಂಎಸ್‌ಎಲ್‌ಪಿ ಎಂಬ ಉಚಿತ ಗ್ರಂಥಾಲಯವಿದೆ. ಸ್ವಯಂಸೇವಕರು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿದ ಪುಸ್ತಕಗಳಿಗೆ 2005ರಲ್ಲಿ ಶುರುವಾದ ಲಿಬ್ರಿವಾಕ್ಸ್ ಇದೆ. ಪರದೆಯಾಚೆ ಸಾರ್ವಜನಿಕ ಗ್ರಂಥಾಲಯವಿದೆ, ಕಲಾ ಶಾಲೆಗಳ ವಾರ್ಷಿಕ ಪ್ರದರ್ಶನಗಳಿವೆ. ಅಭ್ಯಾಸದ ದಿನ ಬಂದು ಕೂರಬಹುದೇ ಎಂದು ನಾಟಕ ತಂಡಗಳನ್ನು ಕೇಳಿ ನೋಡಿ, ಅನೇಕರು ಸಂತೋಷದಿಂದ ಬಿಡುತ್ತಾರೆ.

ಎಚ್ಚರವಿರಲಿ: ಬದುಕಿರುವ ಕಲಾವಿದರ ಕೃತಿ ಅಂತರ್ಜಾಲದಲ್ಲಿ ಕಾಣಿಸಿತೆಂದರೆ ಉಚಿತವೆಂದು ಅರ್ಥವಲ್ಲ.

ಬೆಂಬಲ: ಚಿಕ್ಕ ಮೊತ್ತ, ತಪ್ಪದ ತಾರೀಖು

ನಿಮ್ಮ ಸಂಪಾದನೆ ಇನ್ನೂ ನಡೆಯುತ್ತಿದ್ದರೆ ಕಲೆಗೆಂದು ತಿಂಗಳಿಗಿಷ್ಟು ಎತ್ತಿಡಿ. ವರ್ಷಕ್ಕೊಮ್ಮೆ ಕೊಡುವ ದೊಡ್ಡ ದೇಣಿಗೆಗಿಂತ ತಿಂಗಳು ತಿಂಗಳು ಬರುವ ಚಿಕ್ಕ ಮೊತ್ತ ಕಲಾವಿದರಿಗೆ ಹೆಚ್ಚು ಉಪಯೋಗ, ಏಕೆಂದರೆ ಬಾಡಿಗೆ ತಿಂಗಳು ತಿಂಗಳು ಬರುತ್ತದೆ. ಅಮೆರಿಕದ ಆರ್ಥಿಕ ಕುಸಿತದ ಕಾಲದಲ್ಲಿ ಅಲ್ಲಿನ ಸರ್ಕಾರಕ್ಕೆ ಇದು ಅರ್ಥವಾಗಿತ್ತು. 1935ರಿಂದ 1943ರವರೆಗೆ ನಡೆದ ಫೆಡರಲ್ ಆರ್ಟ್ ಪ್ರಾಜೆಕ್ಟ್ ಕಲಾವಿದರಿಗೆ ಬಹುಮಾನ ಕೊಡಲಿಲ್ಲ, ಸಂಬಳ ಕೊಟ್ಟಿತು. ಮುಂದೆ ಹೆಸರಾಂತ ಚಿತ್ರಕಾರರಾದ, ಆಗ ಯಾರೂ ಹೆಸರು ಕೇಳಿರದ ಜಾಕ್ಸನ್ ಪೊಲಾಕ್, ಲೀ ಕ್ರಾಸ್ನರ್ ಆ ಸಂಬಳದಲ್ಲಿ ಬದುಕಿ ಚಿತ್ರ ಬರೆದರು. ನೂರಕ್ಕೂ ಹೆಚ್ಚು ಸಮುದಾಯ ಕಲಾ ಕೇಂದ್ರಗಳು ತೆರೆದವು.

ಹಣ ಕೊಡುವ ಮೊದಲು ಅದು ಹೋಗುವ ದಾರಿಯನ್ನು ತಿಳಿದುಕೊಳ್ಳಿ. ಸಂಗೀತದ ಆ್ಯಪ್‌ಗಳಿಗೆ ನೀವು ಕಟ್ಟುವ ಚಂದಾ ಸಾಮಾನ್ಯವಾಗಿ ನೀವು ಕೇಳಿದ ಕಲಾವಿದರಿಗೇ ನೇರವಾಗಿ ಹೋಗುವುದಿಲ್ಲ. ಎಲ್ಲರ ಚಂದಾ ಒಂದೇ ರಾಶಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅದರಂತೆ ಹಂಚಿಕೆಯಾಗುತ್ತದೆ. ತಿಂಗಳಿಡೀ ನೀವು ಒಬ್ಬ ಹೊಸ ಗಾಯಕಿಯನ್ನೇ ಕೇಳಿದರೂ ನಿಮ್ಮ ಹಣದ ಹೆಚ್ಚಿನ ಪಾಲು ಬೇರೆಯವರ ಪಾಲಾಗಬಹುದು. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ಆ ರಾಶಿಯಿಂದ ಪಾಲು ಸಿಗುವುದಿಲ್ಲ. ಹಾಗಾಗಿ ಇಷ್ಟವಾದ ಕಲಾವಿದರಿಂದ ಧ್ವನಿಮುದ್ರಿಕೆಯನ್ನು ನೇರವಾಗಿ ಕೊಳ್ಳಿ, ಕಛೇರಿಯ ಟಿಕೆಟ್ ಕೊಳ್ಳಿ. ಸಾಂಕ್ರಾಮಿಕದ ಆರಂಭದಲ್ಲಿ, 2020ರ ಮಾರ್ಚ್ 20ರಂದು, ಕಲಾವಿದರು ತಮ್ಮ ಸಂಗೀತವನ್ನು ನೇರವಾಗಿ ಮಾರುವ ಅಂತರ್ಜಾಲ ತಾಣ ಬ್ಯಾಂಡ್‌ಕ್ಯಾಂಪ್ ಒಂದು ದಿನದ ಮಟ್ಟಿಗೆ ತನ್ನ ಕಮಿಷನ್ ಬಿಟ್ಟುಕೊಟ್ಟಿತು. ಅಂಥ ದಿನಗಳನ್ನು ಗುರುತಿಟ್ಟುಕೊಂಡು ಕೊಳ್ಳುವುದೂ ಒಂದು ಉಪಾಯ.

ಚಿತ್ರವನ್ನೋ ಹಾಡನ್ನೋ ಹೇಳಿ ಮಾಡಿಸುವಾಗ ಮೊದಲೇ ದರ ಕೇಳಿ, ಮುಂಗಡ ಕೊಡಿ, ಉಳಿದದ್ದನ್ನು ಹೇಳಿದ ದಿನವೇ ಕೊಡಿ. 'ನಿಮಗೆ ಪ್ರಚಾರ ಸಿಗುತ್ತದೆ' ಎಂದು ಉಚಿತವಾಗಿ ಕೇಳುವುದು ಅನ್ಯಾಯ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ನನಗೆ ಸಾಲದು. ಟಿಕೆಟ್ ಕೊಂಡ ಕಾರ್ಯಕ್ರಮ ರದ್ದಾದರೆ, ಆ ಹಣವಿಲ್ಲದೆ ನಿಮಗೆ ನಡೆಯುತ್ತದೆ ಎಂದಾದರೆ, ಅದನ್ನು ಕಲಾವಿದರಿಗೇ ಕೊಡಲು ಸಾಧ್ಯವೇ ಎಂದು ಆಯೋಜಕರನ್ನು ವಿಚಾರಿಸಿ. ಸಂಸ್ಥೆಗೆ ದೇಣಿಗೆ ಕೊಡುವುದಾದರೆ ಅದರ ವಾರ್ಷಿಕ ಲೆಕ್ಕಪತ್ರ ನೋಡಲು ಸಂಕೋಚ ಬೇಡ.

ಕೊಡಲು ಹಣವೇ ಇಲ್ಲವೇ? ಉಚಿತ ಪ್ರದರ್ಶನಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಖಾಲಿ ಕುರ್ಚಿಗಳ ಮುಂದೆ ಹಾಡಿದವರಿಗೆ ಗೊತ್ತು ಅದರ ಬೆಲೆ. ಕಲಾವಿದರಿಗೆ ನಾಲ್ಕು ಸಾಲು ಬರೆಯಿರಿ. 'ಚೆನ್ನಾಗಿತ್ತು' ಎಂದಷ್ಟೇ ಬರೆಯದೆ, ಯಾವ ಗಳಿಗೆಯಲ್ಲಿ ಏನು ಮುಟ್ಟಿತು ಎಂದು ಬರೆಯಿರಿ. ಚಿತ್ರ ಹಂಚಿಕೊಳ್ಳುವಾಗ ಬರೆದವರ ಹೆಸರು ಹಾಕಿ. ನಿಮಗೆ ಲೆಕ್ಕ ಬರೆಯುವುದು, ಅನುವಾದ ಮಾಡುವುದು, ಬೆಳಕಿನ ವ್ಯವಸ್ಥೆ ಗೊತ್ತಿದ್ದರೆ ಒಂದು ಚಿಕ್ಕ ತಂಡಕ್ಕೆ ತಿಂಗಳಿಗೆ ಎರಡು ಗಂಟೆ ಕೊಡಿ. ಇಷ್ಟದ ಪುಸ್ತಕವನ್ನು ತರಿಸಿಕೊಳ್ಳುವಂತೆ ಗ್ರಂಥಾಲಯಕ್ಕೆ ಕೋರಿಕೆ ಸಲ್ಲಿಸಿ.

ಕಲಿಕೆ: ಪ್ರಶ್ನೆಯಿಂದ ಶುರು ಮಾಡಿ

ಕೋರ್ಸ್ ಹುಡುಕುವ ಮೊದಲು ನಿಮ್ಮ ಪ್ರಶ್ನೆಯನ್ನು ಹುಡುಕಿ. ಮೊಳೆಯನ್ನು ಏಕೆ ಉಳಿಸಿದ ಎಂಬಂಥ ಒಂದು ಪ್ರಶ್ನೆ ಇದ್ದರೆ ಪಾಠ ತಲೆಗೆ ಹತ್ತುತ್ತದೆ. ಇಲ್ಲದಿದ್ದರೆ ಮೂರನೆಯ ಪಾಠಕ್ಕೆ ಆಕಳಿಕೆ ಬರುತ್ತದೆ. ಎಂಐಟಿ ಮತ್ತು ಯೇಲ್ ವಿಶ್ವವಿದ್ಯಾಲಯಗಳು ತಮ್ಮ ಅನೇಕ ಪಾಠಗಳನ್ನು ಉಚಿತವಾಗಿ ತೆರೆದಿಟ್ಟಿವೆ, ಅವುಗಳಲ್ಲಿ ಸಂಗೀತ, ಸಾಹಿತ್ಯ, ವಾಸ್ತುಶಿಲ್ಪದ ಪಾಠಗಳಿವೆ. ಒಂದನ್ನು ಮಾತ್ರ ಆರಿಸಿ. ಜೊತೆಗೆ ಒಬ್ಬರಿರಲಿ, ವಾರಕ್ಕೊಮ್ಮೆ ಅವರಿಗೆ ನೀವು ಕಲಿತದ್ದನ್ನು ಹೇಳಿ.

ಕೈಯನ್ನೂ ಪಳಗಿಸಿ. ಪ್ಯಾರಿಸ್ಸಿನ ಲೂವ್ರ್ 1793ರಲ್ಲಿ ತೆರೆದಾಗಿನಿಂದಲೂ ಅಲ್ಲಿ ಕುಳಿತು ಹಳೆಯ ಚಿತ್ರಗಳನ್ನು ನಕಲು ಮಾಡುವವರಿಗೆ ಜಾಗವಿದೆ. ವಾನ್ ಗೋ 1889ರಲ್ಲಿ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, ಹೊರಗೆ ಹೋಗಿ ಚಿತ್ರ ಬರೆಯಲಾಗದ ದಿನಗಳಲ್ಲಿ, ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳ ಕಪ್ಪುಬಿಳುಪು ಮುದ್ರಣಗಳನ್ನು ಮುಂದಿಟ್ಟುಕೊಂಡು ತನ್ನ ಬಣ್ಣಗಳಲ್ಲಿ ಮತ್ತೆ ಬರೆದ. ಒಬ್ಬರ ರಚನೆಯನ್ನು ವಾದಕನೊಬ್ಬ ತನ್ನ ರೀತಿಯಲ್ಲಿ ನುಡಿಸುವಂತೆ ಇದು ಎಂದು ತಮ್ಮನಿಗೆ ಬರೆದ ಪತ್ರದಲ್ಲಿ ವಿವರಿಸಿದ. ನೀವೂ ಅದೇ ಮಾಡಬಹುದು. ಕಾಗದ, ಪೆನ್ಸಿಲ್ ಸಾಕು. ನಿಮ್ಮ ರೇಖೆ ಸೊಟ್ಟಗಾದಾಗಲೇ ಮೂಲದ ರೇಖೆ ಎಷ್ಟು ನೇರ, ಎಲ್ಲಿ ಬಳುಕಿದೆ ಎಂಬುದು ತಿಳಿಯುವುದು.

ಗುರುಗಳ ಬಳಿ ಕಲಿಯುತ್ತಿದ್ದು ಶುಲ್ಕ ಕಟ್ಟಲಾಗದ ಸ್ಥಿತಿ ಬಂದರೆ ಹೇಳದೆ ಮಾಯವಾಗಬೇಡಿ. ವಾರಕ್ಕೆ ಎರಡು ಪಾಠವಿದ್ದದ್ದನ್ನು ತಿಂಗಳಿಗೆ ಒಂದು ಮಾಡಿಕೊಳ್ಳಬಹುದೇ ಎಂದು ಕೇಳಿ. ನೀವು ದಿಢೀರನೆ ನಿಂತರೆ ಅವರ ಮನೆಯ ಲೆಕ್ಕವೂ ತಪ್ಪುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕೃತಿ, ಹೊಸದಾಗಿ ಕಂಡದ್ದು, ಉಳಿದ ಪ್ರಶ್ನೆ ಇವಿಷ್ಟನ್ನು ಬರೆಯುತ್ತಾ ಹೋಗಿ. ಮನೆಯಲ್ಲಿ ಸಾವು ನೋವು ಬಂದಾಗ, ಮೈ ಹುಷಾರಿಲ್ಲದಾಗ ಕೆಲವು ದಿನ ತಪ್ಪುತ್ತವೆ. ತಪ್ಪಿದ ಅರ್ಧ ಗಂಟೆಗಳನ್ನು ಲೆಕ್ಕ ಹಾಕಿ ಭಾನುವಾರ ತೀರಿಸಲು ಹೋಗಬೇಡಿ. ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು, ಅಲ್ಲಿ ಬರೆದಿಟ್ಟ ಪ್ರಶ್ನೆಯನ್ನು ಓದಿ, ಅದೇ ಹೊತ್ತಿಗೆ ಅದೇ ಚಿತ್ರದ ಮುಂದೆ ಕುಳಿತುಕೊಳ್ಳಿ.